ಒಂಬತ್ತರಿಂದ ಒಂದು

ಬ್ರಿಸ್ಬೇನಿನಿಂದ ಬಂದ ಕಾಗದದಲ್ಲಿ ಹೀಗಿತ್ತು:
ಬೇಲಿ ನಾಲ್ಕಡಿ ಎತ್ತರ ಇರತಕ್ಕದ್ದು,
ಗೇಟು ತಾನಾಗಿಯೇ ಮುಚ್ಚತಕ್ಕದ್ದು,
ಚಿಲಕ ಮಗುವಿನ ಕೈಗೆ ಎಟುಕಕೂಡದು.
ನಾನು ದುಭಾಷಿ. ಗಂಟೆಗಿಷ್ಟು ಎಂದು ಕೂಲಿ.
ಬೋರಿಶಾಲಿನ ಸಭಾಂಗಣದಲ್ಲಿ, ಕಿರುಗುಡುವ ಫ್ಯಾನಿನ ಕೆಳಗೆ,
'ಈಜುಕೊಳ' ಎಂಬಲ್ಲಿ ತಡವರಿಸಿದೆ.
ಕೊಳ ನಮಗೂ ಇದೆ. ಈಜು ಬೇರೆ ಮಾತು.

ಹಿಂದಿನ ಬೆಂಚಿನಿಂದ ಮೊರ್ಜಿನಾ ಎದ್ದಳು.
"ಕೇಳು ಅವರನ್ನ, ಯಾವ ನೀರಿಗೆ ಬೇಲಿ?
ಅಡುಗೆಮನೆ ಹಿಂದಿನದಕ್ಕೋ, ಬಾತುಗಳದ್ದಕ್ಕೋ,
ಮಣ್ಣು ತೆಗೆದು ಮನೆ ಎತ್ತರಿಸಿದೆವಲ್ಲ, ಆ ಗುಂಡಿಗೋ?
ಹೊಳೆಗೋ? ಹೋದ ವರ್ಷ ಅಲ್ಲೆಲ್ಲೋ ಇತ್ತು,
ಈಗ ಶಾಲೆಯ ಗೋಡೆ ನೆಕ್ಕುತ್ತಾ ಇದೆ.
ಅಷ್ಟು ಬಿದಿರಿದ್ದಿದ್ದರೆ
ಮೊದಲು ಮಾಡು ಕಟ್ಟಿಕೊಳ್ಳುತ್ತಿದ್ದೆವು."

ಇಷ್ಟನ್ನೂ ಇಂಗ್ಲಿಷಿಗೆ ದಾಟಿಸಿದೆ.
ಬಾತು ಸುಲಭ. ನೆಕ್ಕುವ ಹೊಳೆ ಕೊಂಚ ಕಷ್ಟ.

ಬ್ರೋನ್ವಿನ್ ಎಂಬಾಕೆ ಪೆನ್ನು ಕೆಳಗಿಟ್ಟಳು.
ತನ್ನೂರಲ್ಲಿ ಆ ಕಾನೂನು ಬರಲು
ಎಷ್ಟು ಮಕ್ಕಳು ಬೇಕಾದವು, ಹೇಳಲಿಲ್ಲ.
ಒಂದು ಮಗುವಿನ ಹೆಸರು ಹೇಳಿದಳು, ಅಷ್ಟೆ.
ಅದಕ್ಕೆ ಅನುವಾದ ಬೇಕಿರಲಿಲ್ಲ.
ಆಮೇಲೆ ಕೇಳಿದಳು: "ಯಾವ ಹೊತ್ತಿನಲ್ಲಿ?"

ಎಲ್ಲಿ ಎಂಬುದು ಗೊತ್ತಿತ್ತು ನಮಗೆ, ಎಲ್ಲೆಲ್ಲೂ.
ಹೊತ್ತು?
ಹೆಂಗಸರು ಬೆರಳು ಮಡಿಸತೊಡಗಿದರು.
ಶಿಉಲಿಯ ಮಗ, ಅವಳು ಮೀನು ಹೆಚ್ಚುವಾಗ.
ಅನ್ನ ಬಸಿಯುವಾಗ ಒಂದು. ಬಟ್ಟೆ ಹರವುವಾಗ
ಅವಳಿಗಳಲ್ಲಿ ಕಿರಿಯದು.
ಗಂಡಸರು ಗದ್ದೆಯಲ್ಲಿ, ದೊಡ್ಡ ಮಕ್ಕಳು ಶಾಲೆಯಲ್ಲಿ,
ಅಜ್ಜಿಗೆ ಜೊಂಪು.
ಒಂಬತ್ತರಿಂದ ಒಂದರೊಳಗೆ
ಹೆಚ್ಚುಕಡಿಮೆ ಎಲ್ಲ.

ನನ್ನ ತಮ್ಮನದು ಹತ್ತೂವರೆ.
ಅದನ್ನು ನಾನು ಎರಡು ಭಾಷೆಯಲ್ಲೂ ಹೇಳಲಿಲ್ಲ.
ನೀರು ಕಾರಲಿ ಎಂದು ಅವನನ್ನು ತಲೆಯ ಮೇಲೆ ಹೊತ್ತು
ಗಿರಗಿರ ತಿರುಗಿಸಿದ್ದರು; ಬೂದಿ, ಉಪ್ಪು ತಿಕ್ಕಿದ್ದರು.
ಅಮ್ಮ ಇಂದಿಗೂ ಅನ್ನುತ್ತಾಳೆ: ನೀರು ಕರೆಯಿತು, ಹೋದ.
ಕರೆಯಿತು ಎಂದ ಮೇಲೆ ತಪ್ಪು ಯಾರದೂ ಅಲ್ಲ.
ಅವಳಿಂದ ಆ ಒಂದು ಪದವನ್ನು
ಯಾವ ನಿಯಮಾವಳಿ ಕಸಿದುಕೊಂಡೀತು?
ಕಸಿದರೂ ಬದಲಿಗೆ ಕೊಡುವುದೇನು?

ಅಂತೂ ಬೇಲಿ ಬಂತು,
ನೀರಿಗಲ್ಲ, ಹೊತ್ತಿಗೆ.
ಮೊರ್ಜಿನಾಳ ಜಗಲಿ, ಬಾಗಿಲಿಗೆ ಅಡ್ಡ ಒಂದು ಹಲಗೆ,
ಇಪ್ಪತ್ತಮೂರು ಮಕ್ಕಳು, ಚಾಪೆ, ಬಿಸ್ಕತ್ತಿನ ಡಬ್ಬಿಯ ಡೋಲು.
ಬಂದಾಗ ಎಣಿಕೆ, ಹಾಡು ಮುಗಿದಾಗ ಎಣಿಕೆ,
ಯಾರೋ ಸೀನಿದರೂ ಎಣಿಕೆ.
ಢಾಕಾದ ಕಡತದಲ್ಲಿ ಅವಳ ಸಂಬಳ ಮೂರು ತಿಂಗಳು ಮಲಗಿತ್ತು;
ಎಣಿಕೆ ಮಲಗಲಿಲ್ಲ.
ಚಿಲಕ ಮಾತ್ರ ಬ್ರಿಸ್ಬೇನಿನದೇ:
ಮಗುವಿನ ಕೈಗೆ ಎಟುಕಕೂಡದು.
ಅಷ್ಟು ಸಮುದ್ರ ದಾಟಿಯೂ
ಆ ಒಂದು ಸಾಲು ಒದ್ದೆಯಾಗಿರಲಿಲ್ಲ.

ಈ ಚಳಿಗಾಲ ನೋಡಲು ಬಂದವನು ಥ್ವಾನ್,
ಮೆಕಾಂಗ್ ಬಯಲಿನ ಡೊಂಗ್ ಥಾಪಿನವನು, ಕೈಯಲ್ಲಿ ಅಳತೆಪಟ್ಟಿ.
ಅವನದು ವಿಯೆಟ್ನಾಮಿ, ಜೊತೆಗಿದ್ದ ಹುಡುಗಿಯದು ಇಂಗ್ಲಿಷು,
ನನ್ನದು ಬಾಂಗ್ಲಾ; ಒಂದು ಮಾತಿಗೆ ಮೂರು ದೋಣಿ.
ಹಲಗೆ ಅಳೆದ, ಜಗಲಿ ಅಳೆದ, ಡಬ್ಬಿಯನ್ನೂ ಅಳೆದ.
ಕೊನೆಗೆ ಪಟ್ಟಿ ಸುತ್ತಿಕೊಂಡು ಅಂದ:
"ನಮ್ಮಲ್ಲಿ ನೆರೆ ಬಂದರೆ ಮೂರು ತಿಂಗಳು
ಮನೆಯೇ ನೀರಿನ ಮೇಲೆ. ಜಗಲಿ ಎಲ್ಲಿಂದ ತರಲಿ?"

ಮೊರ್ಜಿನಾ ಹೆಗಲ ಮೇಲಿದ್ದ ಕೂಸನ್ನು ಆಚೆ ಹೆಗಲಿಗೆ ಹಾಕಿಕೊಂಡು
ಕೇಳಿದಳು: "ನಿಮ್ಮಲ್ಲಿ ಯಾವ ಹೊತ್ತಿನಲ್ಲಿ?"

ಮೂರನೆಯ ದೋಣಿ ದಡ ಮುಟ್ಟಿತು.
ಅವನು ಉತ್ತರಿಸಲಿಲ್ಲ.
ಹೆಬ್ಬೆರಳು ಮಡಿಸಿದ, ಆಮೇಲೆ ತೋರುಬೆರಳು.

ಒಂದು ಗಂಟೆಗೆ ಹಲಗೆ ತೆಗೆದರು. ಕೂಗು, ಓಟ,
ತಾಯಂದಿರ ಒದ್ದೆ ಕೈಗಳು.
ಕೆರೆ ಇದ್ದಲ್ಲೇ ಇತ್ತು, ಬಾತುಗಳೂ.
ನಾನು ಕೂಲಿಯ ಚೀಟಿ ಬರೆದುಕೊಟ್ಟೆ:
ಒಂಬತ್ತರಿಂದ ಒಂದು. ನಾಲ್ಕು ಗಂಟೆ.
ಹತ್ತೂವರೆಯೂ ಅದರೊಳಗೇ ಸೇರಿದೆ.